ಅನುಮಾನಕ್ಕೆ ಯೋಗ್ಯನಲ್ಲದ ಬಾಸು

ಹೆಂಡತಿ ಅನುಮಾನಪಟ್ಟರೆ ಗಂಡನಿಗಾಗುವ ಕಷ್ಟದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅನುಮಾನವನ್ನೇ ಪಡದಿದ್ದರೆ ಆಗುವ ಅವಮಾನದ ಬಗ್ಗೆ ಯಾರೂ ಬರೆದಂತಿಲ್ಲ. ಬಹುಶಃ ಅನುಭವಿಸಿದವರು ನಾಚಿಕೊಂಡು ಸುಮ್ಮನಾಗಿರಬೇಕು. ನನಗೆ ಐವತ್ತು ದಾಟಿದೆ, ನಾಚಿಕೆ ಕೂದಲಿನ ಜೊತೆಗೇ ಉದುರಿಹೋಗಿದೆ. ಆದ್ದರಿಂದ ಹೇಳಿಬಿಡುತ್ತೇನೆ.

ಎಲ್ಲಕ್ಕೂ ಮೂಲ ನನ್ನ ಹೆಂಡತಿ ಸುವರ್ಣಾ ಮೊಬೈಲಿನಲ್ಲಿ ಓದುವ ಕಾದಂಬರಿಗಳು. ಅವುಗಳಲ್ಲಿ ಒಬ್ಬ ಬಾಸ್ ಇರುತ್ತಾನೆ, ಒಬ್ಬಳು ಅಸಿಸ್ಟಂಟ್ ಇರುತ್ತಾಳೆ. ಬಾಸ್ ಮುಗಿಲು ಮುಟ್ಟುವ ಗಾಜಿನ ಕಟ್ಟಡದ ತುದಿಯಲ್ಲಿ ಕೂತಿರುತ್ತಾನೆ. ಕಪ್ಪು ಕೋಟು, ಕಲ್ಲಿನಂಥ ಮುಖ, ತಣ್ಣನೆಯ ಕಣ್ಣು. ಕೋಟಿಗಟ್ಟಲೆ ಆಸ್ತಿ ಇದ್ದರೂ ನಗುವುದಕ್ಕೆ ಮಾತ್ರ ಪರಮ ಜಿಪುಣ. ಅಸಿಸ್ಟಂಟ್ ಮೊದಲ ದಿನವೇ ಅವನ ಕೋಟಿನ ಮೇಲೆ ಕಾಫಿ ಚೆಲ್ಲುತ್ತಾಳೆ. ಕಾಫಿ ಚೆಲ್ಲದವಳಿಗೆ ಅಲ್ಲಿ ಕೆಲಸವೇ ಸಿಗುವುದಿಲ್ಲವೇನೋ! ಅವನು ಗುಡುಗುತ್ತಾನೆ, ಅವಳು ನಡುಗುತ್ತಾಳೆ, ಇನ್ನುಳಿದ ಅಧ್ಯಾಯಗಳಲ್ಲಿ ಇಬ್ಬರೂ ಕಿಟಕಿಯ ಪಕ್ಕ ನಿಂತು ಒಬ್ಬರನ್ನೊಬ್ಬರು ನೋಡುತ್ತಾರೆ. ಆ ಕಂಪನಿ ಏನು ತಯಾರಿಸುತ್ತದೆ, ಮಾಲು ಯಾವ ಊರಿಗೆ ಹೋಗುತ್ತದೆ ಎಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಒಂದನ್ನು ನಾನೂ ಕದ್ದು ಓದಿದೆ, ಬೈಯಲೆಂದೇ. ಜಮಖಂಡಿಯಲ್ಲಿ ಬಸ್ಸು ಹತ್ತಿದವನು ಬನಹಟ್ಟಿಯಲ್ಲಿ ಇಳಿಯುವುದನ್ನು ಮರೆತು ಮುಂದೆ ತೇರದಾಳದವರೆಗೆ ಹೋಗಿಬಿಟ್ಟೆ. ಅಷ್ಟರಮಟ್ಟಿಗೆ ಅವು ಕೆಟ್ಟ ಪುಸ್ತಕಗಳು.

ನಾನೂ ಒಂದು ಲೆಕ್ಕದಲ್ಲಿ ಬಾಸು. ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿಯ ಆಫೀಸಿಗೆ ನಾನೇ ಮ್ಯಾನೇಜರ್. ನಮ್ಮದು ನೆಲದ ಮೇಲಿನ ಆಫೀಸು. ಗಾದಿ ಹಾಸಿದೆ, ಒರಗಲು ಲೋಡು ಇದೆ, ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಬರಿಗಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಚಾ ಬಸಿಗೆ ಸುರುವಿಕೊಂಡು ಸೊರ್ರೆಂದು ಕುಡಿಯುವವನ ಕಣ್ಣು ಎಷ್ಟು ತಣ್ಣಗಿದ್ದರೇನು ಪ್ರಯೋಜನ? ಯಾರೂ ನಡುಗುವುದಿಲ್ಲ. ಇಂಥ ನನಗೆ ಹೋದ ವರ್ಷ ಒಬ್ಬಳು ಅಸಿಸ್ಟಂಟ್ ಬಂದಳು. ರೇಣುಕಾ, ತೇರದಾಳದ ಹುಡುಗಿ, ಬಿ.ಕಾಂ. ಮುಗಿಸಿದವಳು, ಲಕ್ಷಣವಾಗಿದ್ದಳು. ಬಂದ ದಿನವೇ ನಮ್ಮ ಕಡೆಯ ರೂಢಿಯಂತೆ ‘ಯಾರ ಪೈಕಿ, ಯಾವ ಓಣಿ’ ಎಂಬ ವಿಚಾರಣೆ ನಡೆದು, ಚಾ ಬರುವುದರೊಳಗೆ ನಾನು ಅವಳಿಗೆ ಕಾಕಾ ಆಗಿದ್ದೆ. ಕಾದಂಬರಿಯ ಮೊದಲ ಅಧ್ಯಾಯಕ್ಕೇ ಬೀಗ ಬಿತ್ತು.

ಆದರೂ ಆಸೆ ಕೆಟ್ಟದ್ದು. ತಪ್ಪು ತಿಳಿಯಬೇಡಿ, ಹುಡುಗಿಯ ಮೇಲಲ್ಲ. ಹೆಂಡತಿಯ ಅನುಮಾನದ ಮೇಲೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಸುವರ್ಣಾ ಒಮ್ಮೆಯೂ ನನ್ನ ವಿಷಯದಲ್ಲಿ ಹೊಟ್ಟೆ ಉರಿದುಕೊಂಡವಳಲ್ಲ. ಈಗಾದರೂ ಒಂದು ಸಲ ಹುಬ್ಬು ಗಂಟಿಕ್ಕಲಿ ಎಂದು, ರೊಟ್ಟಿ ಮುರಿಯುತ್ತ, ‘ಆಫೀಸಿಗೆ ಒಬ್ಬಾಕಿ ಅಸಿಸ್ಟಂಟ್ ಬಂದಾಳ. ಸಣ್ಣ ವಯಸ್ಸು’ ಎಂದೆ.

‘ಛಲೋ ಆತು ಬಿಡ್ರಿ. ನಿಮ್ಮ ಚಷ್ಮಾ ಹುಡುಕಿ ಕೊಡಾಕ ಒಬ್ರು ಬೇಕಾಗಿತ್ತು’ ಎಂದು ಅವಳು ಪಲ್ಯ ಬಡಿಸಿದಳು.

ನಾನು ಬಿಡಲಿಲ್ಲ. ಮಗಳ ಮದುವೆಗೆ ಹೊಲಿಸಿದ ಕಪ್ಪು ಕೋಟನ್ನು ಹೊರತೆಗೆದು, ಬಿರುಬೇಸಿಗೆಯಲ್ಲಿ ತೊಟ್ಟುಕೊಂಡು ಆಫೀಸಿಗೆ ಹೊರಟೆ. ‘ಎಲ್ಲಿಗ್ರಿ?’ ಎಂದಳು. ‘ಆಫೀಸಿಗೆ’ ಎಂದೆ, ಆದಷ್ಟು ತಣ್ಣನೆಯ ಕಣ್ಣಿನಿಂದ. ಅವಳು ಹಣೆ ಮುಟ್ಟಿ ನೋಡಿ, ‘ಮೈ ಬೆಚ್ಚಗಿಲ್ಲಲ್ಲ’ ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ‘ಕೋರ್ಟಿಗೇನ್ರಿ ವಕೀಲ್ರ?’ ಎಂದ. ಆಫೀಸಿನಲ್ಲಿ ರೇಣುಕಾ ನೀರು ಕೊಟ್ಟು, ‘ಕಾಕಾ, ಮೊದಲ ಅದನ್ನ ಬಿಚ್ರಿ, ಚಕ್ಕರ್ ಬಂದು ಬಿದ್ದಗಿದ್ದೀರಿ’ ಎಂದಳು. ಕಾಫಿಯನ್ನಂತೂ ಯಾರೂ ಚೆಲ್ಲಲಿಲ್ಲ.

ಕಡೆಗೊಂದು ದಿನ ಸುವರ್ಣಾ ತಾನೇ ಆಫೀಸಿಗೆ ಬಂದಳು. ನನ್ನ ಎದೆ ಹಿಗ್ಗಿತು. ಅಂತೂ ತಪಾಸಣೆಗೆ ಬಂದಳಲ್ಲ! ಬುತ್ತಿ ಮರೆತು ಬಂದಿದ್ದೆನಂತೆ, ಅದು ನೆಪವೆಂದುಕೊಂಡೆ. ರೇಣುಕಾಳ ಮೊಬೈಲ್ ಗಾದಿಯ ಮೇಲಿತ್ತು, ಅದರಲ್ಲೂ ಅಂಥದೇ ಒಂದು ಕಾದಂಬರಿ ತೆರೆದಿತ್ತು. ಸುವರ್ಣಾ ಅದರ ಕಡೆ ಬಗ್ಗಿ, ‘ಅಯ್ಯ, ನೀನೂ ಇದನ್ನ ಓದ್ತೀಯೇನವಾ? ಅವಾ ಅಕಿನ್ನ ಕೆಲಸದಿಂದ ತಗದನೇನು?’ ಎಂದಳು. ‘ತಗದಾನ್ರಿ ಕಾಕು, ಆದ್ರ ತಿರುಗಿ ಕರೀತಾನ ನೋಡ್ರಿ’ ಎಂದಳು ರೇಣುಕಾ. ನಾನು ಕಾಕಾ ಆದ್ದರಿಂದ ನನ್ನ ಹೆಂಡತಿ ತಾನಾಗಿಯೇ ಕಾಕು. ಇಬ್ಬರೂ ನನ್ನ ಬುತ್ತಿ ಬಿಚ್ಚಿ ತಿನ್ನುತ್ತ ಕೂತರು. ಸಂಬಳ ಕೊಡುವವನ ಕಡೆ ಹುಡುಗಿ ಹೀಗೆ ಕರಗಬಹುದೇ, ಅವನು ಹೇಳದೆ ಕೇಳದೆ ಕೈ ಹಿಡಿಯಬಹುದೇ, ಇದೆಲ್ಲ ಸರಿಯೇ ಎಂದು ನಾನು ಗಂಭೀರವಾಗಿ ಕೇಳಿದೆ. ರೇಣುಕಾ ನಕ್ಕಳು. ‘ಓದಾಕ ಛಲೋರಿ ಕಾಕಾ. ಖರೆ ಯಾವನರ ಬಾಸ್ ಹಂಗ ಕೈ ಹಿಡದ್ರ, ಹೊರಗ ಬಿಟ್ಟ ಚಪ್ಪಲಿ ಒಳಗ ಬರ್ತಾವು.’ ಸುವರ್ಣಾ ಅವಳಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಂದಿನಿಂದ ಇಬ್ಬರಿಗೂ ದಿನಾ ಫೋನು. ಪಂಚಮಿ ಹತ್ತಿರ ಬಂದಾಗ ಸುವರ್ಣಾ, ‘ಆ ಹುಡುಗಿಗೊಂದು ಸೀರಿ ಕೊಡ್ರಿ. ಕಾಕಾ ಅನಿಸ್ಕೊಂಡ್ರ ಸಾಕೇನು?’ ಎಂದಳು. ಸರಿ ಎಂದು ಗೋದಾಮಿನಲ್ಲಿ ಅರ್ಧ ದಿನ ಕೂತು ಒಂದು ಸೀರೆ ಆರಿಸಿದೆ. ಹುಡುಗಿ ಎಣ್ಣೆಗೆಂಪು, ಅವಳಿಗೆ ಎಳೆ ಹಸಿರು ಒಪ್ಪುತ್ತದೆ ಎಂದು ಹಸಿರು ಒಡಲು, ಕೆಂಪು ಸೆರಗು. ಸಂಜೆ ಮನೆಗೆ ತಂದು ಬಿಚ್ಚಿ ತೋರಿಸಿದೆ. ಸುವರ್ಣಾ ಬಹಳ ಹೊತ್ತು ನೋಡಿದಳು.

‘ಯಾರು ಆರಿಸಿದ್ರು?’

‘ನಾನ.’

‘ಅಕಿಗೆ ಯಾವ ಬಣ್ಣ ಒಪ್ಪತೈತಿ ಅಂತ ನಿಮಗ ಹೆಂಗ ಗೊತ್ತಾತು?’

ಹುಬ್ಬು ಗಂಟಿಕ್ಕಿತ್ತು! ನಾನು ಇಷ್ಟು ದಿನ ಕಾದಿದ್ದ ಪ್ರಶ್ನೆ! ಕೋಟಿಲ್ಲದೆಯೇ ನನ್ನ ಎದೆ ಅರಳಿತು. ತಣ್ಣನೆಯ ಕಣ್ಣು ಮಾಡಿಕೊಂಡು ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಅವಳು ತಿಜೋರಿ ತೆರೆದು ತನ್ನ ಸೀರೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಹಾಕತೊಡಗಿದಳು. ಸೀರೆ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಎಳೆ ತಪ್ಪಿದ, ಬಣ್ಣ ಹರಡಿದ ಮಾಲು ಗಿರಾಕಿಗೆ ಹೋಗುವುದಿಲ್ಲ, ಆಫೀಸಿನವರ ಮನೆಗೆ ಹೋಗುತ್ತದೆ. ನಾನೂ ಹಾಗೆಯೇ ತಂದಿದ್ದೆ, ತರುತ್ತಲೇ ಇದ್ದೆ.

‘ಇದರಾಗ ಎಳಿ ಇಲ್ಲ, ನಿರಿಗ್ಯಾಗ ಹೋಕ್ಕತಿ ಬಿಡು ಅಂದ್ರಿ. ಇದಕ್ಕ ಕಲೆ ಐತಿ, ಒಳಗ ಸಿಗಿಸ್ಕೋ ಅಂದ್ರಿ. ಉಟ್ಟೀನಿ, ಎಲ್ಲಾ ಉಟ್ಟೀನಿ. ಆ ಕಾದಂಬರಿ ಬಾಸ್ ಮಹಾ ಕೆಟ್ಟಾವ, ಅದು ನನಗೂ ತಿಳೀತೈತಿ. ಆದ್ರ ಅವಾ ಅಕಿ ಕಡೆ ಒಮ್ಮೆ ನೆಟ್ಟಗ ನೋಡ್ತಾನ್ರಿ. ಅದಕ್ಕ ಓದ್ತೀನಿ.’

ಹಾಸಿಗೆ ತುಂಬ ಹರಡಿದ್ದ ಆ ಸೀರೆಗಳನ್ನು ನೋಡಿ ನಿಜವಾಗಿಯೂ ಸಂಕಟವಾಯಿತು.

ಮರುದಿನ ಮತ್ತೆ ಗೋದಾಮಿಗೆ ನುಗ್ಗಿದೆ. ಕಣ್ಣು ಮುಚ್ಚಿ ಮುಟ್ಟಿದರೂ ನೂಲು ಎಂಥದೆಂದು ಹೇಳಬಲ್ಲ ನನಗೆ, ಹೆಂಡತಿಗೆ ಯಾವ ಬಣ್ಣ ಇಷ್ಟವೆಂಬುದು ಹೊಳೆಯಲಿಲ್ಲ. ಗುಲಾಬಿ ಹಿಡಿದೆ, ಬಿಟ್ಟೆ. ನೀಲಿ ಹಿಡಿದೆ, ಬಿಟ್ಟೆ. ಕಡೆಗೆ ಕೆಮ್ಮಿಕೊಂಡು ರೇಣುಕಾಳ ಹತ್ತಿರ ಹೋದೆ. ಅವಳು ಮಡಿಸುತ್ತಿದ್ದ ಸೀರೆಯಿಂದ ತಲೆಯೆತ್ತದೆ, ‘ಬದನಿಕಾಯಿ ಬಣ್ಣರೀ ಕಾಕಾ. ಅಂಚಿಗೆ ಸಣ್ಣ ದಡಿ ಇರಬೇಕು, ದೊಡ್ಡ ದಡಿ ಕಾಕುಗ ಸೇರಂಗಿಲ್ಲ’ ಎಂದು, ತಾನೇ ಎದ್ದು ಹೋಗಿ ಒಂದನ್ನು ಎಳೆದು ಕೊಟ್ಟಳು.

ಸುವರ್ಣಾ ಸೀರೆಯನ್ನು ಬಿಚ್ಚಿ, ದೀಪಕ್ಕೆ ಹಿಡಿದು, ಎರಡೂ ಮಗ್ಗುಲು ತಿರುವಿ ನೋಡಿದಳು. ಎಲ್ಲೂ ಎಳೆ ತಪ್ಪಿರಲಿಲ್ಲ. ಮುಖ ಅರಳಿತು.

‘ನಾನ ಆರಿಸಿದೆ’ ಎಂದೆ.

‘ಹೌದ್ರೀ?’ ಎಂದಳು. ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಅದರಲ್ಲೇ ನನ್ನನ್ನು ನೋಡಿದಳು. ‘ಕಾದಂಬರಿಯೊಳಗೂ ಹಿಂಗ ಇರ್ತೈತ್ರಿ. ಮನ್ಯಾವ್ರಿಗೆ ಏನರ ಕೊಡೂದಿದ್ರ ಬಾಸ್ ಅಸಿಸ್ಟಂಟನ್ನ ಕೇಳ್ತಾನ, ಅಕೀನ ಆರಿಸ್ತಾಳ, ನಾನ ಆರಿಸಿದೆ ಅಂತ ಇವಾ ಹೇಳ್ತಾನ. ಈಗ ನೀವು ಪಕ್ಕಾ ಬಾಸ್ ಆದ್ರಿ ನೋಡ್ರಿ.’

ಹೀಗೆ ನಾನು ಕೋಟಿಲ್ಲದೆ, ಕಾಫಿ ಚೆಲ್ಲಿಸಿಕೊಳ್ಳದೆ, ಕಡೆಗೂ ಬಾಸ್ ಆದೆ. ಅವಳು ಆಗಲೇ ಫೋನು ಹಚ್ಚಿ, ‘ರೇಣುಕಾ, ನೀ ಹೇಳಿದಂಗ ಆತು ನೋಡವಾ’ ಎನ್ನುತ್ತಿದ್ದಳು. ನಾನು ಚಷ್ಮಾ ಹುಡುಕುತ್ತ ನಿಂತಿದ್ದೆ. ‘ಟಿ.ವಿ. ಮ್ಯಾಲ ಇರಬೇಕಂತ್ರಿ, ರೇಣುಕಾ ಅಂತಾಳ’ ಎಂದಳು ಸುವರ್ಣಾ, ಫೋನಿನಿಂದ ಕಿವಿ ತೆಗೆಯದೆ.