ಆಕಾಶದಲ್ಲಿ ಸೋಮವಾರ

ಕನಕರಾಜುವಿನ ಕಷ್ಟ ಶುರುವಾದದ್ದು ವಿಮಾನ ತಡವಾದದ್ದರಿಂದ.

ಪಾಂಡವಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಅವನನ್ನು, ಹೆಚ್ಚು ಮೋಟಾರು ಮಾರಿದ್ದಕ್ಕೆ ಬಹುಮಾನವಾಗಿ ಕಂಪನಿಯವರು ಬೇರೆ ಡೀಲರುಗಳ ಜೊತೆ ಯೂರೋಪಿಗೆ ಕಳಿಸಿದ್ದರು. ಅದಕ್ಕೆಂದೇ ತಲೆಗೆ ಬಣ್ಣ ಹಾಕಿಸಿಕೊಂಡಿದ್ದ. ಹಿಮದ ಬೆಟ್ಟದ ಮುಂದೆ ನಿಂತಾಗಲೂ ಬೆಟ್ಟಕ್ಕಿಂತ ತನ್ನ ಕ್ರಾಪನ್ನೇ ಹೆಚ್ಚು ನೋಡಿಕೊಂಡಿದ್ದ. ಆದರೆ ಟೂರಿನ ಅಡುಗೆಯವನು ಬಡಿಸಿದ್ದು ಬರೀ ಬೇಳೆ, ಆಲೂಗಡ್ಡೆ. ಹೊರಗೆ ತಿನ್ನೋಣವೆಂದರೆ ತಟ್ಟೆಯಲ್ಲಿ ಯಾವ ಪ್ರಾಣಿ ಮಲಗಿರುತ್ತದೋ ಎಂಬ ಭಯ. ವಾಪಸು ಬರುವ ಭಾನುವಾರ ವಿಮಾನದಲ್ಲಿ ಕೋಳಿ ಸಿಗುತ್ತದೆಂಬ ಆಸೆಯಲ್ಲೇ ಜೀವ ಹಿಡಿದಿದ್ದ. ಅದು ತಪ್ಪಿದರೆ ಮುಗಿಯಿತು. ಸೋಮವಾರ ಮನೆದೇವರ ವಾರ, ಮಾಂಸ ಮುಟ್ಟುವಂತಿಲ್ಲ. ಮಂಗಳವಾರ ಭೀಮನ ಅಮಾವಾಸ್ಯೆ, ಹೆಂಡತಿ ಅವನ ಪಾದಪೂಜೆ ಮಾಡುವ ದಿನ. ಮಾರನೆಯ ದಿನದಿಂದ ಶ್ರಾವಣ, ತಿಂಗಳಿಡೀ ಸೊಪ್ಪು.

ಮಧ್ಯಾಹ್ನ ಹೊರಡಬೇಕಿದ್ದ ವಿಮಾನ ಹೊರಟದ್ದು ಸಂಜೆ. ಊಟದ ಗಾಡಿ ಬಂದಾಗ ಕಿಟಕಿಯಾಚೆ ಸೂರ್ಯ ಇನ್ನೂ ಕೆಂಪಗಿದ್ದ. ಕನಕರಾಜು ಕೋಳಿಯ ಪೆಟ್ಟಿಗೆಗೆ ಕೈ ಚಾಚಿದ.

ಪಕ್ಕದ ಸೀಟಿನ ಚಂದ್ರಕಲ ಫೋನಿನ ಗಡಿಯಾರ ಎತ್ತಿ ತೋರಿಸಿದಳು. ಶ್ರೀರಂಗಪಟ್ಟಣದ ಡೀಲರಾದ ಆಕೆ ಅವನ ಹೆಂಡತಿ ಸುನಿತಾಳ ದೊಡ್ಡಮ್ಮನ ಮಗಳು. ಬೇರೆಯವರ ನಡತೆ ಕಾಯುವುದು ಆಕೆಯ ಇನ್ನೊಂದು ವ್ಯಾಪಾರ.

"ಊರಲ್ಲಿ ಆಗ್ಲೇ ಅನ್ನೆರಡು ದಾಟೈತೆ. ಸೋಮ್ವಾರ ಕಣಪ್ಪ."

"ಆಚೆ ನೋಡಕ್ಕ, ಸೂರ್ಯನೇ ಮುಳುಗಿಲ್ಲ. ಇನ್ನೂ ಭಾನ್ವಾರ," ಎಂದ ಕನಕರಾಜು.

ಹಿಂದಿನ ಸೀಟಿನಿಂದ ನಾಗಮಂಗಲದ ಡೀಲರು ಚೆಲುವಯ್ಯ ತಲೆ ತೂರಿಸಿದ. ತನಗೆ ಸಂಬಂಧವಿಲ್ಲದ ವಿಷಯದಲ್ಲಿ ತೀರ್ಪು ಕೊಡುವುದೆಂದರೆ ಅವನಿಗೆ ಪ್ರಾಣ.

"ಲೇ ಕನಕ, ನಿಮ್ ಮನೆದ್ಯಾವ್ರು ಎಲ್ಲವ್ನೆ?"

"ಗೋವಿಂದನಳ್ಳಿಲಿ."

"ಅಂಗಾರೆ ಗೋವಿಂದನಳ್ಳಿ ಟೈಮೇ ಲೆಕ್ಕ ಕಣ್ಲಾ. ದ್ಯಾವ್ರೇನು ಪಾಸ್‌ಪೋರ್ಟ್ ಮಾಡುಸ್ಕೊಂಡು ನಿನ್ ಜೊತೆ ಬಂದವ್ನಾ?"

ವಾರ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ, ಊರಲ್ಲೂ ಇನ್ನೂ ಹುಟ್ಟಿಲ್ಲ ಎಂದು ಕನಕರಾಜು ವಾದಿಸಿ ನೋಡಿದ.

"ರಾತ್ರಿ ಅನ್ನೆರಡಕ್ಕೆ ಬರ್ತಡೇ ಕೇಕು ಕುಯ್ತೀಯಲ್ಲ, ಆಗ ಸೂರ್ಯ ಉಟ್ಟಿರ್ತಾನಾ?" ಎಂದ ಚೆಲುವಯ್ಯ.

ಗೋವಿಂದನಹಳ್ಳಿಯಲ್ಲಿರುವುದು ಪಂಚಲಿಂಗ. ಒಬ್ಬನ ಕಣ್ಣು ತಪ್ಪಿಸಿದರೂ ಇನ್ನು ನಾಲ್ವರು ಉಳಿಯುತ್ತಾರೆ. ಕನಕರಾಜು ಕೈ ಹಿಂತೆಗೆದ. ಕೋಳಿ ದಂಡವಾಗಬಾರದೆಂದು ಅವನ ಪೆಟ್ಟಿಗೆಯನ್ನೂ ಚೆಲುವಯ್ಯನೇ ಇಸಿದುಕೊಂಡ.

"ನಮ್ದು ಶನಿವಾರ ಕಣ್ಲಾ," ಎಂದು ಬಾಯಿ ತುಂಬಿಕೊಂಡೇ ಸಮಾಧಾನ ಹೇಳಿದ.

ಬನ್ನು ಕಚ್ಚಿ ಮಲಗಿದ ಕನಕರಾಜುವಿಗೆ ನಿದ್ದೆ ಬರಲಿಲ್ಲ. ಹಿಂದಿನ ಸೀಟಿನಿಂದ ಮಸಾಲೆಯ ತೇಗು ಬರುತ್ತಲೇ ಇತ್ತು. ದೀಪ ಆರಿಸಿ ಎಲ್ಲರೂ ಗೊರಕೆ ಹೊಡೆಯತೊಡಗಿದಾಗ ಅವನು ಬೆಕ್ಕಿನಂತೆ ಎದ್ದು ವಿಮಾನದ ಹಿಂಭಾಗಕ್ಕೆ ಹೋಗಿ, ಗಗನಸಖಿಯ ಮುಂದೆ ಎರಡೂ ಮೊಣಕೈಗಳನ್ನು ರೆಕ್ಕೆಯಂತೆ ಬಡಿದು ತೋರಿಸಿದ. ಅವಳು ನಕ್ಕು, ಹಿಂದಿಯಲ್ಲಿ ಏನೋ ಹೇಳಿ, ಉಳಿದಿದ್ದ ಒಂದೇ ಪೆಟ್ಟಿಗೆ ಕೊಟ್ಟಳು.

ಸೀಟಿಗೆ ಬಂದು ತಲೆತುಂಬ ಕಂಬಳಿ ಹೊದ್ದು, ಕತ್ತಲಲ್ಲೇ ಮುಚ್ಚಳ ಕಿತ್ತು, ಚೂರೂ ಬಿಡದೆ ತಿಂದ. ಮೂಳೆ ಇರಲಿಲ್ಲ. ಫಾರಿನ್ ಕೋಳಿ ಎಂದರೆ ಹೀಗೇ, ಹತ್ತಿಯಂತೆ ಮೆತ್ತಗೆ, ಎಂದು ಮೆಚ್ಚಿಕೊಂಡ. ಕಂಬಳಿ ಸರಿಸಿದರೆ ಚಂದ್ರಕಲ ಕಣ್ಣು ಬಿಟ್ಟುಕೊಂಡು ಕೂತಿದ್ದಳು.

"ತಿಂದ್ಬುಟ್ಯೇನಪ್ಪ?"

ಇಲ್ಲವೆನ್ನಲು ಮೂತಿಯ ತುಂಬ ಮಸಾಲೆ. ಸುನಿತಾಗೆ ಹೇಳಬೇಡಿ ಎಂದು ಕೈಮುಗಿದ. ಹೇಳುವುದಿಲ್ಲವೆಂದು ಆಕೆ ಮಾತು ಕೊಟ್ಟಳು. ವಿಮಾನದ ಚಕ್ರ ಬೆಂಗಳೂರಿನ ನೆಲ ಮುಟ್ಟಿದ ಕೂಡಲೇ ಸುನಿತಾಗೆ ಫೋನು ಮಾಡಿದಳು.

ಚಂದ್ರಕಲಳನ್ನು ಇಳಿಸಲು ಶ್ರೀರಂಗಪಟ್ಟಣದಲ್ಲಿ ಕಾರು ನಿಂತಾಗ ಸುನಿತಾ ಅಲ್ಲೇ ಕಾದಿದ್ದಳು. ಗಂಡನ ಮುಖವನ್ನೂ ನೋಡದೆ ಹೊಳೆಯ ಮೆಟ್ಟಿಲಿಗೆ ಕರೆದೊಯ್ದಳು. ಕ್ಷೌರದವನು ಕತ್ತಿ ಮಸೆದು ಕೂತಿದ್ದ.

"ತಪ್ಪಾಯ್ತು ಅಂತ ಮುಡಿ ಕೊಟ್ಟು, ಮುಳುಗೆದ್ದು ಬನ್ನಿ. ಆಮೇಲೆ ಮನೆ ಮಾತು," ಎಂದಳು.

ಬಣ್ಣದ ಕ್ರಾಪು ಮೆಟ್ಟಿಲ ಮೇಲೆ ಉದುರಿತು. ಕನಕರಾಜು ಮಾತ್ರ ಕುಗ್ಗಲಿಲ್ಲ. ಕೂದಲು ಹೋದರೇನು, ಹೊಟ್ಟೆಗೆ ಹೋದ ಕೋಳಿಯನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ಬೋಳುತಲೆ ಸವರಿಕೊಂಡು ಒಳಗೊಳಗೇ ನಕ್ಕ.

ಅವನ ಕೋಟನ್ನು ಕೊಡವಿದ ಸುನಿತಾ, ಒಳಮಗ್ಗುಲಿಗೆ ಅಂಟಿದ್ದ ಊಟದ ಪೆಟ್ಟಿಗೆಯ ಚೀಟಿಯನ್ನು ಕಿತ್ತು ನೋಡಿದಳು. ಚೌಕದ ನಡುವೆ ದುಂಡನೆಯ ಹಸಿರು ಚುಕ್ಕಿ. ಪಕ್ಕದಲ್ಲಿ ಸೋಯಾ ಪಲ್ಯವೆಂದು ಬರೆದಿತ್ತು.

"ಅಯ್ಯೋ, ನೀವು ತಿಂದೇ ಇಲ್ವಲ್ರೀ," ಎಂದು ಸಂತೋಷದಿಂದ ಕಣ್ಣೊರೆಸಿಕೊಂಡಳು.

ಕನಕರಾಜು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ತಾನು ತಿಂದದ್ದು ಕೋಳಿಯೇ ಎಂದು ಐದೂ ಲಿಂಗಗಳ ಮೇಲೆ ಆಣೆ ಇಡತೊಡಗಿದ.