ಬೋಟು ದಡದಲ್ಲಿ, ದುಡ್ಡು ಕಾರವಾರದಲ್ಲಿ

ಮಳೆ ತಪ್ಪಿದರೂ ತಪ್ಪೀತು, ಮಳೆಗಾಲದ ನನ್ನ ಫಜೀತಿ ಮಾತ್ರ ಯಾವ ವರ್ಷವೂ ತಪ್ಪಿದ್ದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಅಂಕೋಲೆಯ ಕಡಲಬದಿಯ ಒಂದು ಮೀನುಗಾರರ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಸುವಂತಿಲ್ಲ. ಕೆಲಸವಿಲ್ಲದ ಆ ದಿನಗಳಿಗೆಂದೇ ಒಂದು ಯೋಜನೆಯಿತ್ತು. ಮೀನು ಸಿಗುವ ಕಾಲದಲ್ಲಿ ಮೀನುಗಾರ ತಿಂಗಳು ತಿಂಗಳು ಕಂತು ಕಟ್ಟಬೇಕು. ಅಷ್ಟೇ ದುಡ್ಡನ್ನು ರಾಜ್ಯ ಸರ್ಕಾರ, ಮತ್ತೆ ಅಷ್ಟನ್ನೇ ಕೇಂದ್ರ ಸರ್ಕಾರ ಸೇರಿಸಿ ಮಳೆಗಾಲದಲ್ಲಿ ಹಿಂದಕ್ಕೆ ಕೊಡುತ್ತವೆ. ಕೇಳುವುದಕ್ಕೆ ಸುಲಭ. ತಿಳಿಸಿ ಹೇಳುವ ಕಷ್ಟ ನನ್ನ ಗಂಟಲಿಗೇ ಗೊತ್ತು.

ಯಾರ ಅಂಗಳ?

ಒಮ್ಮೆ ಒಂದು ಬೋಟಿನವರೆಲ್ಲ ಒಟ್ಟಿಗೇ ಬಂದು ಕುಳಿತರು. ಮುಂದೆ ಅವರ ತಾಂಡೇಲ, ಅಂದರೆ ಬೋಟು ನಡೆಸುವ ಹಿರಿಯ. ನಾನು ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ, ಇದು ನಿಮ್ಮದು, ಇದು ರಾಜ್ಯದ್ದು, ಇದು ಕೇಂದ್ರದ್ದು ಎಂದು ವಿವರಿಸಿದೆ. ಅರ್ಜಿಗೆ ಎರಡು ಫೋಟೋ, ರೇಶನ್ ಕಾರ್ಡಿನ ಝೆರಾಕ್ಸ್, ಮೂರು ಮೂರು ಪ್ರತಿ ಬೇಕು ಎಂದೂ ಹೇಳಿದೆ. ತಾಂಡೇಲ ಕವಳ ಜಗಿಯುತ್ತ ಕೊನೆಯವರೆಗೂ ಕೇಳಿದ.

"ನಾವು ಹಾಕೂದೇನೋ ಸರಿ. ಅವ್ರಿಬ್ರು ಹಾಕ್ದಿದ್ರೆ?"

"ಹಾಕ್ತಾರೆ. ಅದು ಸರ್ಕಾರ."

"ಅದಕ್ಕೇ ಕೇಳ್ದೆ."

ನಮ್ಮ ಕಡೆ ಕೊಡಬೇಕಾದವನು ಕೊಡದಿದ್ದರೆ ಅವನ ಅಂಗಳಕ್ಕೆ ಹೋಗಿ ಕೂರುವುದು ವಾಡಿಕೆ. ಕೊಡುವವರೆಗೂ ಏಳುವುದಿಲ್ಲ. ತಾಂಡೇಲ ಸರ್ಕಾರಗಳ ಆ ಎರಡು ಕಡ್ಡಿಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದ.

"ಇಬ್ರಲ್ಲಿ ಒಬ್ರಾದ್ರೂ ಅಂಕೋಲೆ ಬದಿಯವ್ರಾ, ತಮಾ?"

ಕೆಲಸವಿಲ್ಲದವರ ಮನೆಯ ಊಟ

ಇವರಿಗೆ ನಿಜವಾಗಿಯೂ ಕೆಲಸವಿಲ್ಲವೇ ಎಂದು ನೋಡಿಕೊಂಡು ಹೋಗಲು ಕಾರವಾರದ ಮೀನುಗಾರಿಕೆ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಊಟದ ಹೊತ್ತಿಗೆ ಸರಿಯಾಗಿ ಅವರನ್ನು ಆ ತಾಂಡೇಲನ ಮನೆಗೇ ಕರೆದುಕೊಂಡು ಹೋದೆ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಆ ಕೇರಿಯಲ್ಲಿಲ್ಲ. ತಾಂಡೇಲನ ಹೆಂಡತಿ ಬಿಸಿ ಕುಚ್ಚಲಕ್ಕಿ ಅನ್ನ, ಕಾಣೆ ಮೀನಿನ ಸಾರು, ಮೇಲೆ ಹುರಿದ ಕಾಣೆ ಬಡಿಸಿದಳು. ಸಾಹೇಬರು ಅರ್ಧ ಊಟವಾದ ಮೇಲೆ ಕೈ ನಿಲ್ಲಿಸಿದರು.

"ಬೋಟೆಲ್ಲ ದಡದಲ್ಲಿವೆ. ಇಷ್ಟು ತಾಜಾ ಕಾಣೆ ಎಲ್ಲಿಂದ ಬಂತು?"

ನಾನು ಕೆಮ್ಮಿದೆ. ಕಣ್ಣು ಮಿಟುಕಿಸಿದೆ. ಆಕೆ ನನ್ನತ್ತ ನೋಡಲೇ ಇಲ್ಲ.

"ಸಾಹೇಬ್ರು ಬರ್ತ್ರು ಹೇಳಿ ಇವ್ರೇ ಬೆಳಿಗ್ಗೆ ಬಲೆ ತಕಂಡು ಹೊಳೆಬಾಯಿಗೆ ಹೋಗಿ ತಂದ್ರು. ಕೆಲ್ಸ ಇಲ್ಲೆ ಅನ್ನೂದನ್ನ ನೋಡೂಕೆ ಬಂದವ್ರಿಗೆ ಬರೀ ಗಂಜಿ ಹಾಕೂಕಾಗ್ತದಾ?"

ಸಾಹೇಬರು ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಇನ್ನೊಂದು ತುಂಡು ಹಾಕಮ್ಮ. ಏನು ಬರೆಯಬೇಕು ಅಂತ ಯೋಚಿಸ್ತೇನೆ" ಎಂದರು.

ಕಾರವಾರದ ಉತ್ತರ

ಅದೇ ಬೋಟಿನ ಒಬ್ಬ ಆ ವರ್ಷ ಬೋಟಿನ ಮೇಲೆಯೇ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಮಲಗಿದ್ದ ತಿಂಗಳು ಕಂತು ತಪ್ಪಿತು. ಕಂತು ತಪ್ಪಿದರೆ ಸರ್ಕಾರದ ದುಡ್ಡು ಬರುವುದಿಲ್ಲ, ತಾನು ಕಟ್ಟಿದ್ದಷ್ಟೇ ವಾಪಸು. ಅದು ಆಸ್ಪತ್ರೆಯ ಸಾಲಕ್ಕೇ ಸಾಲದು. ಅವನ ಹೆಂಡತಿ ಮೀನು ಮಾರುವವಳು, ಮಳೆಗಾಲದಲ್ಲಿ ಅವಳ ಬುಟ್ಟಿಯೂ ಖಾಲಿ. ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ದಿನಾ ಬಂದು ಸೊಸೈಟಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ಕೆಲ್ಸ ಇಲ್ಲದವ್ರಿಗೆ ಅಲ್ವಾ ಈ ದುಡ್ಡು? ನಮ್ಮವ್ರಿಗಿಂತ ಕೆಲ್ಸ ಇಲ್ಲದವ್ರು ಯಾರಿದ್ರು?"

ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಆ ಕಚೇರಿಯ ಕುರ್ಚಿಯಲ್ಲಿದ್ದ ಹಿರಿಯ ಸಾಹೇಬರು ಎಲ್ಲವನ್ನೂ ಸಮಾಧಾನವಾಗಿ ಕೇಳಿದರು.

"ಆ ತಿಂಗಳು ಅವನಿಗೆ ಕೆಲಸ ಇತ್ತೇ?"

"ಇಲ್ಲ ಸಾರ್."

"ಕೆಲಸ ಇಲ್ಲ, ಅದಕ್ಕೆ ಕಂತಿಲ್ಲ. ಕಂತಿಲ್ಲ, ಅದಕ್ಕೆ ಕೆಲಸ ಇಲ್ಲದವರ ದುಡ್ಡಿಲ್ಲ. ಇದರಲ್ಲಿ ಅರ್ಥವಾಗದ್ದು ಏನು?"

ಹಿಂದಿರುಗುವಾಗ ಬಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಕಾರವಾರದ ಹೊರಗಿನ ಅರ್ಗಾ ದಾಟುವಷ್ಟರಲ್ಲಿ ಅದು ನನಗೂ ಸರಿಯೆಂದೇ ಕಾಣತೊಡಗಿತ್ತು. ಇಷ್ಟು ವರ್ಷ ಗುಮಾಸ್ತಗಿರಿ ಮಾಡಿದ್ದಕ್ಕೆ ಸಿಕ್ಕ ಫಲ ಅದೊಂದೇ.

ತಾಂಡೇಲನ ಜಗಲಿ

ಅಂತೂ ಉಳಿದವರ ದುಡ್ಡು ಬಂತು. ಮರುದಿನವೇ ಸುದ್ದಿ: ಆ ಬೋಟಿನವರೆಲ್ಲ ಬ್ಯಾಂಕಿನಿಂದ ದುಡ್ಡು ತಂದು ತಾಂಡೇಲನ ಜಗಲಿಯಲ್ಲಿ ಒಂದೇ ಚಾಪೆಯ ಮೇಲೆ ಸುರಿದು ಹಂಚಿಕೊಳ್ಳುತ್ತಿದ್ದಾರೆ. ನನಗೆ ರೇಗಿಹೋಯಿತು. ಕೊಡೆ ಹಿಡಿದು ಓಡಿದೆ.

"ಇದು ಆಯಾ ಹೆಸರಿಗೆ ಬಂದ ದುಡ್ಡು. ಗುಡ್ಡೆ ಹಾಕಿ ಹಂಚೋದಕ್ಕೆ ಬಂಗಡೆ ಮೀನಲ್ಲ" ಎಂದು ಕೂಗಾಡಿದೆ.

ತಾಂಡೇಲ ತಲೆ ಎತ್ತಲಿಲ್ಲ. "ಬೋಟಿನ ಮೇಲೆ ಕಾಲು ಮುರ್ಕಂಡವ್ನಿಗೆ ಪಾಲು ತಪ್ಪಿಸಿದ್ರೆ ನಾಳೆ ನನ್ ಬೋಟಿಗೆ ಯಾರು ಹತ್ತೂದು?" ಎಂದು ಒಂದು ಪಾಲು ಎತ್ತಿ, ಜಗಲಿಯ ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿಯ ಕೈಗಿಟ್ಟ. ಎಲ್ಲರಿಗೂ ಸಿಕ್ಕಷ್ಟೇ ಅವಳಿಗೂ. ಅವಳು ಸೆರಗಿನ ತುದಿಗೆ ಕಟ್ಟಿಕೊಂಡಳು. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

"ಕೂಡು ತಮಾ," ಎಂದ ತಾಂಡೇಲ. "ನಿನ್ ಪಗಾರ ಆಯ್ತಾ?"

ಸೊಸೈಟಿಯವರು ನನಗೆ ಪಗಾರ ಕೊಡುವುದು ಮೀನು ಹರಾಜಿನ ಕಮಿಷನ್ನಿನಿಂದ. ಮೀನಿಲ್ಲ, ಹರಾಜಿಲ್ಲ. ಮಳೆ ಹಿಡಿದ ಮೇಲೆ ನಾನು ಪಗಾರದ ಮುಖ ಕಂಡಿರಲಿಲ್ಲ. ಹಾಗೆಂದು ಹೇಳಿದೆ.

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾರೆ ದಿನಾ ಎಂತಕ್ಕೆ ಬಾಗ್ಲು ತೆಗೀತ್ರಿ? ನಮ್ಮವ್ರಾದ್ರೂ ಮಲಗಿದ್ರು."

ಚಾಪೆಯ ಸುತ್ತ ಇದ್ದವರು ತಮ್ಮ ತಮ್ಮ ಪಾಲಿನಿಂದ ಒಂದಿಷ್ಟು ಹಿಂದಕ್ಕೆ ಹಾಕಿದರು. ತಾಂಡೇಲ ಅದನ್ನು ಒಟ್ಟುಮಾಡಿ ನನ್ನ ಕಡೆ ಸರಿಸಿದ. ಬೇಡ ಎಂದೆ. ಬೇಡ ಎನ್ನುತ್ತಿರುವಾಗಲೇ ಕೈ ಮುಂದೆ ಹೋಗಿತ್ತು. ತಾಂಡೇಲ ದುಡ್ಡಿನ ಮೇಲೆ ಅಂಗೈ ಮುಚ್ಚಿದ.

"ಹಂಗೇ ಕೊಡೂಕೆ ಬರೂದಿಲ್ಲ ತಮಾ. ಎರಡು ಫೋಟೋ, ರೇಶನ್ ಕಾರ್ಡಿನ ಝೆರಾಕ್ಸ್. ಮೂರ್ ಮೂರು ಪ್ರತಿ."

ಜಗಲಿಯವರೆಲ್ಲ ಹೊಟ್ಟೆ ಹಿಡಿದು ನಗತೊಡಗಿದರು. ಯಾಕೆ ನಗುತ್ತಿದ್ದಾರೆಂದು ನನಗೆ ಹೊಳೆಯುವಷ್ಟರಲ್ಲಿ ನಾನು ಕೊಡೆ ಬಿಚ್ಚಿಕೊಂಡು, ರೇಶನ್ ಕಾರ್ಡು ತರಲು ಅರ್ಧ ದಾರಿ ಬಂದಾಗಿತ್ತು.