ಫೋಟೋದಾಗಿನ ಹುಡುಗಿ ಎಲ್ಲಿ?

ನಮ್ಮ ಮನೆಯ ಟೀವಿಯಲ್ಲಿ ಏನು ಹಚ್ಚಿದರೂ ಅದು ಟೀವಿಯೊಳಗೇ ಮುಗಿಯುವುದಿಲ್ಲ, ಒಂದಿಷ್ಟು ಹೊರಗೆ ಚೆಲ್ಲಿಯೇ ಚೆಲ್ಲುತ್ತದೆ. ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ನಾವಿರುವುದು. ಭಾನುವಾರ ಊಟವಾದ ಮೇಲೆ ಪರದೆ ಎಳೆದು, ಫ್ಯಾನಿನ ಸದ್ದು ಜೋಗುಳದಂತೆ ಕೇಳುತ್ತಿರುವಾಗ, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ ಏನಾದರೂ ನೋಡುವುದು ರೂಢಿ. ಈ ಸಲ ನೋಡಿದ್ದು, ವಾರಕ್ಕೊಂದು ಭಾಗದಂತೆ, ನಾಲ್ಕು ಭಾಗದ ಒಂದು ಅಮೆರಿಕನ್ ಸಾಕ್ಷ್ಯಚಿತ್ರ. ಒಬ್ಬ ಪ್ರಖ್ಯಾತ ಗಾಯಕ, ಕರಿಯ ಜನಾಂಗದವನು; ತನ್ನ ಮ್ಯಾನೇಜರನ್ನು ಕೊಂದನೆಂದು ಖಟ್ಲೆ. ಆದರೆ ಕೋರ್ಟಿನಲ್ಲಿ ಕೊಲೆಗಿಂತ ಬಣ್ಣದ ಮಾತೇ ಹೆಚ್ಚು.

೧. ಕುದುರೆ

ಕೆಳಗಿನ ಮನೆಯಲ್ಲಿ ಬಾಗಲಕೋಟೆ ಕಡೆಯ ನಿವೃತ್ತ ಫಿಟ್ಟರ್ ಕಾಕಾ ಇದ್ದಾರೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳ ಕನ್ನಡ ಅರ್ಧ ಮರಾಠಿ. "ಕಾಕಾ, ರೇಸ್ ಬಗ್ಗೆ ಪಿಚ್ಚರ್ ಆಹೇ, ಬರ್ರಿ" ಎಂದು ಕರೆದು ಬಂದಿದ್ದಳು. ಕಾಕಾ ಹುರಿದ ಶೇಂಗಾ ಹಿಡಿದು ಬಂದು, ಮುಕ್ಕಾಲು ತಾಸು ಉಸಿರು ಬಿಡದೆ ನೋಡಿ, ಕಡೆಗೆ ನನ್ನ ಕಡೆ ಬಾಗಿದರು.

"ವೈನೀ, ಈ ಕೋರ್ಟಿನ ಗದ್ದಲ ಮುಗದು ಕುದುರಿ ಯಾವಾಗ ಬಿಡ್ತಾರ?"

"ಅದು ಕುದುರೆ ರೇಸಲ್ಲ ಕಾಕಾ. ಜನಾಂಗ. ಬಿಳಿಯರು, ಕರಿಯರು, ಆ ರೇಸು."

ಕಾಕಾ ನಾಲ್ಕು ಶೇಂಗಾ ಅಗಿದು ವಿಚಾರ ಮಾಡಿದರು. "ಹಂಗಾರ ಯಾವುದು ಗೆಲ್ತದ ಅಂತ ನೋಡೂದೇನೈತ್ರಿ? ನಾ ಮನೀಗೆ ಹೋಗಿ ಮಲಗ್ತೀನಿ."

೨. ಹನ್ನೆರಡು ಮಂದಿ

ಎರಡನೆಯ ಭಾಗಕ್ಕೆ ಹೈವೇ ಮೇಲೆ ಹೋಟೆಲಿಟ್ಟಿರುವ ಕುಂದಾಪುರದವರು ಬಂದರು, ಕೈಯಲ್ಲಿ ಬಿಸಿ ಗೋಳಿಬಜೆ. ಅವರಿಗೆ ಗಾಯಕನೂ ಬೇಡ, ಕೊಲೆಯೂ ಬೇಡ. ಕಣ್ಣೆಲ್ಲ ಸಾಲಾಗಿ ಕೂತ ಜ್ಯೂರಿಯ ಮೇಲೆ.

"ಹನ್ನೆರಡು ಮಂದಿಯೂ ಒಂದೇ ಮಾತು ಹೇಳಬೇಕಾ? ಆಗುವ ಕೆಲಸ ಅಲ್ಲ ಮಾರಾಯ್ರೆ. ನಮ್ಮಲ್ಲಿ ಒಂದೇ ಮನೆಯ ನಾಲ್ಕು ಜನ ಬಂದು ಕೂತರೆ, ಒಬ್ಬರಿಗೆ ಸೆಟ್‌ದೋಸೆ, ಒಬ್ಬರಿಗೆ ಪಾವ್‌ಭಾಜಿ." ಸ್ವಲ್ಪ ಹೊತ್ತಿಗೆ ಮತ್ತೆ, "ಅಲ್ಲ, ಇಷ್ಟು ತಿಂಗಳು ಇವರಿಗೆ ಊಟ ಎಲ್ಲಿಂದ?"

ಭಾಗ ಮುಗಿದು ಹೆಸರುಗಳು ಹೊಗೆಯ ಹಾಗೆ ಮೇಲೇರತೊಡಗಿದಾಗ ನಾವೆಲ್ಲ ಎದ್ದೆವು. ಅವರು ಏಳಲಿಲ್ಲ. ಅಡುಗೆ ಕಂಟ್ರಾಕ್ಟಿನವರ ಹೆಸರು ಬರಬಹುದೆಂದು ಕಡೆಯ ಸಾಲಿನವರೆಗೂ ಕಾದರು.

೩. ದೇವರು ಕೊಟ್ಟ ಮುಖ

ಮೂರನೆಯ ಭಾಗದಲ್ಲಿ ಒಂದು ಪತ್ರಿಕೆಯವರು ಆ ಗಾಯಕನ ಫೋಟೋವನ್ನು ಇನ್ನಷ್ಟು ಕಪ್ಪು ಮಾಡಿ ಛಾಪಿಸಿದ ಸಂಗತಿ ಬಂತು. ಕೂತಲ್ಲೇ ತೂಕಡಿಸುತ್ತಿದ್ದ ಧಾರವಾಡದ ಹೆಣ್ಣುಮಗಳಾದ ನನ್ನ ಅತ್ತೆಗೆ ಧಡಕ್ಕನೆ ಎಚ್ಚರವಾಯಿತು.

"ಏನ್ ಕೆಟ್ಟ ಮಂದೀನ! ದೇವರು ಕೊಟ್ಟ ಮಾರಿ ತಿದ್ದಾಕ ಇವರ್ಯಾರು?"

ಮಗಳು ಎದ್ದುಹೋಗಿ ಕಪಾಟಿನಿಂದ ಒಂದು ಲಕೋಟೆ ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. ಅವಳದೇ ಮದುವೆಯ ಬಯೊಡಾಟಾ. ಸಂಭಾಜಿನಗರದ ಒಂದು ಸಂಬಂಧ ಬಂದಿತ್ತು: ಕನ್ನಡದ ಮನೆತನ, ಹುಡುಗ ವಾಳೂಜಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಇದರ ಇನ್ನೊಂದು ಪ್ರತಿಯನ್ನು ಅವರಿಗೆ ಅಜ್ಜಿಯೇ ಕಳಿಸಿದ್ದು. ಮಗಳು ನನ್ನ ಹಾಗೆ ಕಪ್ಪು. ಸ್ಟುಡಿಯೋದವನ ಕೈಚಳಕದಿಂದ ಫೋಟೋದಲ್ಲಿ ಹಾಲಿನ ಕೆನೆಯಂಥ ಯಾರೋ ನಗುತ್ತಿದ್ದಳು. ಕೆಳಗೆ, ಬಣ್ಣ: ಗೋಧಿ.

"ಅಜ್ಜಿ, ಇಕಿ ಯಾರು?"

"ನೀನ, ಮತ್ಯಾರು?"

"ಮತ್ತ ದೇವರು ಕೊಟ್ಟ ಮಾರಿ?"

"ಅವರು ಬಣ್ಣ ಬಳದು ಕೆಡಿಸಿದ್ರು. ನಾ ಬರೇ ತೊಳಿಸೀನಿ."

ನಾನು ನಕ್ಕೆ. ಮಗಳು ನಗಲಿಲ್ಲ. "ನನ್ನ ನೋಡಿ ಬ್ಯಾಡ ಅಂದ್ರ ಚಾಲೇಲ್, ನಡೀತದ. ಇಕಿನ್ನ ನೋಡಿ ಹೂಂ ಅಂದಾರ. ಈಗ ನಾ ಏನ್ ಮಾಡ್ಲಿ?"

ಅತ್ತೆ ಕಣ್ಣು ಮುಚ್ಚಿಕೊಂಡರು. ಉತ್ತರ ಇಲ್ಲದಾಗ ಅವರಿಗೆ ಬಹಳ ಬೇಗ ನಿದ್ದೆ ಬರುತ್ತದೆ.

೪. ಮನ್ಮಾಡ್

ನಾಲ್ಕನೆಯ ಭಾಗ ಇನ್ನೂ ನೋಡಿಲ್ಲ; ಗಾಯಕನಿಗೆ ಏನಾಯಿತೋ ತಿಳಿಯದು. ಆ ಭಾನುವಾರ ನಾವು ಮೂವರು ಹೆಂಗಸರು ಮನ್ಮಾಡಿಗೆ ಹೋದೆವು. ಹುಡುಗನ ಮನೆಯವರಿಗೂ ನಮಗೂ ನಡುವಿನ ಜಂಕ್ಷನ್, ಸ್ಟೇಷನ್ನಿನ ಗಡಿಯಾರದ ಕೆಳಗೆ ಭೇಟಿ ಎಂದು ಮಾತಾಗಿತ್ತು. ಅತ್ತೆ ಪೌಡರ್ ಡಬ್ಬಿ ಮುಂದೆ ಹಿಡಿದರು. ಮಗಳು ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು.

ಬಿಸಿಲಿಗೆ ಹಳಿಗಳು ನೀರಿನಂತೆ ನಡುಗುತ್ತಿದ್ದವು. ಮೈಕಿನ ಹೆಂಗಸು ಮೂರು ಭಾಷೆಯಲ್ಲಿ ಯಾವುದೋ ಕನಸಿನೊಳಗಿಂದ ಗಾಡಿಗಳ ಹೆಸರು ಹೇಳುತ್ತಿದ್ದಳು. ಅತ್ತೆಯ ಕೈಯಲ್ಲಿ ಹುಡುಗನ ಫೋಟೋ. ಅವನದು ಗುಲಾಬಿ ಬಣ್ಣ. ಅದನ್ನು ಹಿಡಿದು ಕಂಡ ಕಂಡ ಬೆಳ್ಳನೆಯ ಹುಡುಗರಿಗೆಲ್ಲ ತಾಳೆ ನೋಡುತ್ತಿದ್ದರು. ವೇರೂಳದ ಗುಹೆಗುಡಿ ನೋಡಲು ಹೊರಟ, ಬೆನ್ನಿಗೆ ಚೀಲ ಹಾಕಿದ್ದ ಒಬ್ಬ ಫಾರಿನ್ನಿನವನನ್ನೂ ಬಿಡಲಿಲ್ಲ. "ಇವನ ಇರಬೇಕೇನ?"

ಅರ್ಧ ತಾಸಾಯಿತು. ಫೋನ್ ಮಾಡುತ್ತೇನೆಂದರೆ ಅತ್ತೆ ಬಿಡರು: ಹುಡುಗಿ ಕಡೆಯವರು ಅವಸರ ತೋರಿಸಬಾರದಂತೆ. ಕಡೆಗೆ ಅವರದೇ ತಾಳ್ಮೆ ತಪ್ಪಿ, ಜೋರಾಗಿ, "ಬರ್ತೀವಿ ಅಂದವ್ರು ಬರಬೇಕೋ ಬ್ಯಾಡೋ!" ಎಂದರು.

ನಮ್ಮ ಬೆನ್ನಿಗೆ ಬೆನ್ನು ಹಚ್ಚಿದ್ದ ಬೆಂಚಿನಿಂದ ಒಂದು ಮುದಿ ದನಿ: "ನಾವೂ ಅದನ್ನ ಅನ್ನಾಕತ್ತೇವ್ರಿ. ಹುಡುಗಿ ಕಡಿಯವರ ಸುಳಿವಿಲ್ಲ. ನಾವಾಗಿ ಫೋನ್ ಮಾಡಿದ್ರ ಗಂಡಿನ ಕಡಿಯವರ ಮಾನ ಏನ್ ಉಳೀತು?"

ಎಲ್ಲರೂ ಒಟ್ಟಿಗೇ ತಿರುಗಿದೆವು. ಆ ಅಜ್ಜಿಯ ಕೈಯಲ್ಲಿ ಹಾಲಿನ ಕೆನೆಯ ಹುಡುಗಿ. ಪಕ್ಕದಲ್ಲಿ ಮೊಮ್ಮಗ, ನನ್ನ ಮಗಳಿಗಿಂತ ಒಂದು ಕೈ ಮೇಲೇ ಕಪ್ಪು. ಅರ್ಧ ತಾಸಿನಿಂದ ಅವರು ನನ್ನ ಮಗಳನ್ನು ಎರಡು ಸಲ ನೋಡಿ ಮುಖ ತಿರುವಿದ್ದರು. ನಾವು ಆ ಹುಡುಗನ ಕಡೆ ಒಂದು ಸಲವೂ ನೋಡಿರಲಿಲ್ಲ.

ಹುಡುಗ ತನ್ನ ಫೋಟೋ ನೋಡಿ, "ಇವ ನಾನಲ್ಲ" ಎಂದ, ತಲೆ ಕೆಳಗೆ ಮಾಡಿ.

ಮಗಳು ಎರಡೂ ಫೋಟೋಗಳನ್ನು ಇಸಿದುಕೊಂಡು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು. "ಅಜ್ಜಿ, ಈ ದೋಘರದು, ಫೋಟೋದಾಗಿನ ಇಬ್ಬರದು, ಲಗ್ನ ಮಾಡಿಬಿಡು. ಮಸ್ತ್ ಜೋಡಿ." ಆಮೇಲೆ ಹುಡುಗನಿಗೆ, "ಚಾ ಕುಡೀತೀರೇನು?"

ಇಬ್ಬರೂ ಚಹಾದ ಅಂಗಡಿಯ ಹೊಗೆಯ ಕಡೆ ನಡೆದರು. ಹೋದವರು ಎರಡು ಗಾಡಿ ಬಂದುಹೋದರೂ ಬರಲಿಲ್ಲ. ಬೆಂಚಿನ ಮೇಲೆ ಉಳಿದ ಇಬ್ಬರು ಅಜ್ಜಿಯರು ಎಲ್ಲಿ ನೋಡಬೇಕೋ ತಿಳಿಯದೆ ಫೋಟೋಗಳನ್ನೇ ನೋಡುತ್ತ ಕೂತಿದ್ದರು. ನನ್ನ ಅತ್ತೆ ಈಗ ಕ್ಷಮೆ ಕೇಳುತ್ತಾರೆ ಎಂದು ನಾನು ಕಾದೆ. ಅವರು ಸೆರಗು ಸರಿಮಾಡಿಕೊಂಡು, ಆ ಅಜ್ಜಿಯ ಕಿವಿಯ ಹತ್ತಿರ ಬಾಗಿ ಕೇಳಿದರು:

"ನಿಮ್ಮದು ಯಾವ ಸ್ಟುಡಿಯೋರಿ? ನಮ್ಮ ಸ್ಟುಡಿಯೋದವನಕಿಂತ ಭಾಳ ಛಲೋ ತೊಳದಾನ."